ಹದಿನೈದು ಮಾಯಮ್ ಚಿನ್ನ, ಕಾಲು ಹೆಕ್ಟೇರ್ ಗದ್ದೆ: ಅಚೆಯ ಹಳ್ಳಿಯೊಂದರ ಪ್ರಕರಣ ಅಧ್ಯಯನ

ಸುಮಾತ್ರಾ ದ್ವೀಪದ ಉತ್ತರ ತುದಿಯಲ್ಲಿ ಇಂಡೋನೇಷ್ಯಾದ ಅಚೆ ಪ್ರಾಂತ್ಯವಿದೆ. ಅಲ್ಲಿನ ಪಿದಿ ಜಿಲ್ಲೆಯ ಬಯಲಿನಲ್ಲಿ ಒಂದು ರೈತ ಕುಟುಂಬ 2010ರಲ್ಲಿ ತನ್ನ ಕಾಲು ಹೆಕ್ಟೇರ್ ನೀರಾವರಿ ಗದ್ದೆಯನ್ನು ಹದಿನೈದು ಮಾಯಮ್, ಎಂದರೆ ಸುಮಾರು ಐವತ್ತು ಗ್ರಾಂ, ಚಿನ್ನಕ್ಕೆ ಅಡವಿಟ್ಟಿತು. 2025 ಮುಗಿಯುವ ಹೊತ್ತಿಗೂ ಗದ್ದೆ ಬಿಡುಗಡೆಯಾಗಿರಲಿಲ್ಲ. ಈ ಹದಿನೈದು ವರ್ಷಗಳಲ್ಲಿ ಕುಟುಂಬ ಒಂದು ಬೆಳೆಯನ್ನೂ ತಪ್ಪಿಸಿಲ್ಲ. ಭತ್ತದ ಬೆಲೆ ಎರಡೂವರೆ ಪಟ್ಟಿಗೆ ಹತ್ತಿರ ಏರಿದೆ. ಚಿನ್ನ ಕೊಟ್ಟವರು ಒಮ್ಮೆಯೂ ಬಾಗಿಲಿಗೆ ಬಂದು ಗದರಿಸಿಲ್ಲ; ಅವರು ದೂರದ ಸಂಬಂಧಿಕರೇ. ಹಾಗಿದ್ದೂ ಸಾಲ ತೀರುವ ದಿನ ವರ್ಷದಿಂದ ವರ್ಷಕ್ಕೆ ದೂರ ಸರಿದಿದೆ. ಅದು ಏಕೆ ಎಂದು ಬಿಡಿಸಿ ನೋಡುವುದೇ ಈ ಅಧ್ಯಯನದ ಕೆಲಸ.

ಒಂದು ಮಾತನ್ನು ಮೊದಲೇ ಹೇಳಬೇಕು. ಇಲ್ಲಿ ಬರುವ ಮನೆ ಯಾವುದೋ ಒಂದು ನಿಜವಾದ ಮನೆಯ ಚಿತ್ರವಲ್ಲ. ಪಿದಿ, ಬಿರೆಉನ್ ಬಯಲುಗಳ ಊರುಗಳಲ್ಲಿ ಮತ್ತೆ ಮತ್ತೆ ನಡೆಯುವುದನ್ನು ಒಂದೇ ಸೂರಿನ ಕೆಳಗೆ ತಂದು ಕಟ್ಟಿದ ಮಾದರಿ ಕುಟುಂಬ ಇದು. ಗದ್ದೆಯ ಅಳತೆ, ಸಾಲದ ಮೊತ್ತ, ಪಾಲಿನ ಪ್ರಮಾಣ, ವರ್ಷಗಳು ಲೆಕ್ಕ ತೋರಿಸಲು ಆರಿಸಿಕೊಂಡವು. ಕಟ್ಟಲೆ, ಕಾನೂನು, ಬೆಲೆ ಮತ್ತು ಚರಿತ್ರೆ ಮಾತ್ರ ಇದ್ದದ್ದು ಇದ್ದ ಹಾಗೆ.

ಅಚೆಯಲ್ಲಿ ಹಳ್ಳಿಯನ್ನು ಗಾಂಪೋಂಗ್ ಎನ್ನುತ್ತಾರೆ. ತೆಂಗು, ಅಡಿಕೆ, ಬಾಳೆಗಳ ನೆರಳಿನಲ್ಲಿ ಮನೆಗಳು ಗುಂಪಾಗಿರುತ್ತವೆ; ತೋಪಿನ ಅಂಚು ದಾಟಿದರೆ ಗದ್ದೆ ಬಯಲು. ಊರಿನ ಮುಖ್ಯಸ್ಥ ಕೆಚಿಕ್. ಅವನ ಜೊತೆಗೆ ಧಾರ್ಮಿಕ ವಿಷಯಗಳಿಗೆ ಇಮಾಮರೊಬ್ಬರು, ಸಲಹೆ ಮತ್ತು ನ್ಯಾಯಕ್ಕೆ ಹಿರಿಯರ ಮಂಡಳಿ. ಮೆನಾಸಾ ಎಂಬ ಕಟ್ಟಡ ಊರಿನ ನಡುವೆ ಇರುತ್ತದೆ. ನಮಾಜು, ಮಕ್ಕಳ ಕುರಾನ್ ಪಾಠ, ಜಕಾತ್ ಎಂಬ ಕಡ್ಡಾಯ ದಾನದ ಹಂಚಿಕೆ, ಜಗಳದ ಪಂಚಾಯಿತಿ ಎಲ್ಲವೂ ಅಲ್ಲೇ. ಹಿಂದೆ ಮದುವೆಯಾಗದ ಹುಡುಗರು ರಾತ್ರಿ ಮಲಗುತ್ತಿದ್ದುದೂ ಅಲ್ಲೇ. ಹಲವು ಗಾಂಪೋಂಗ್‌ಗಳು ಸೇರಿದರೆ ಒಂದು ಮುಕೀಮ್. ಗದ್ದೆಗಳ ಮಟ್ಟಿಗೆ ಕೆಚಿಕ್‌ನಿಗಿಂತ ಹೆಚ್ಚು ನಡೆಯುವುದು ಕೆಜ್ರುನ್ ಬ್ಲಾಂಗ್ ಎಂಬ ನೀರಗಂಟಿಯ ಮಾತು. ಯಾವ ತೂಬಿಗೆ ಯಾವಾಗ ನೀರು, ಸಸಿಮಡಿ ಯಾವ ವಾರ, ನಾಟಿ ಯಾವ ವಾರ ಎಂದು ತೀರ್ಮಾನಿಸುವವನು ಅವನು. ನಾಟಿಗೆ ಮುನ್ನ ಬಯಲಿನಲ್ಲೇ ಊರೂಟ ನಡೆಯುತ್ತದೆ. ಅದಕ್ಕೆ ಖಂದೂರಿ ಬ್ಲಾಂಗ್ ಎಂದು ಹೆಸರು. ಮೇಕೆಯನ್ನೋ ಕೋಣವನ್ನೋ ಕೊಯ್ದು, ಪ್ರಾರ್ಥಿಸಿ, ಎಲ್ಲರೂ ಕೂತು ಉಣ್ಣುತ್ತಾರೆ. ಗದ್ದೆಯನ್ನು ಅಡವಿಟ್ಟವನೂ ಅಡವು ಹಿಡಿದವನೂ ಅಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಾರೆ. ಪ್ರಕರಣ ಮುಂದುವರಿದಂತೆ ಈ ಸಾಲಿನ ತೂಕ ಎಷ್ಟೆಂದು ಗೊತ್ತಾಗುತ್ತದೆ.

ಮನೆ ಹೆಂಗಸಿನದು. ಮದುವೆಯಾದ ಗಂಡು ಹೆಂಡತಿಯ ಮನೆಗೆ, ಹಲವು ಸಲ ಹೆಂಡತಿಯ ಊರಿಗೇ ಬಂದು ನೆಲೆಸುತ್ತಾನೆ. ಹೆಣ್ಣುಮಕ್ಕಳಿಗೆ ತಂದೆತಾಯಿ ಮನೆಯನ್ನೋ ಮನೆ ಕಟ್ಟುವ ಜಾಗವನ್ನೋ ಕೊಡುತ್ತಾರೆ, ಆಗುವವರು ಗದ್ದೆಯ ತುಂಡನ್ನೂ ಕೊಡುತ್ತಾರೆ. ಪಿದಿಯ ಗಂಡಸರು ವ್ಯಾಪಾರಕ್ಕೆ ಹೆಸರಾದವರು. ಮೆಡಾನ್, ಜಕಾರ್ತಾ, ಮಲೇಷ್ಯಾ ಎಂದು ವರ್ಷಗಟ್ಟಲೆ ಹೊರಗಿರುವುದು ಅವರಿಗೆ ಹೊಸದಲ್ಲ. ಊರಿನ ಒಕ್ಕಲುತನದ ದೊಡ್ಡ ಪಾಲು ಹೆಂಗಸರ ಕೈಯಲ್ಲಿ ಉಳಿದಿರುವುದಕ್ಕೆ ಇದೂ ಕಾರಣ. ನಮ್ಮ ಪ್ರಕರಣದ ಗದ್ದೆಯೂ ಮನೆಯೊಡತಿಗೆ ತಂದೆಯಿಂದ ಬಂದದ್ದು. ಬೆರೆನುನ್ ಸಂತೆಯಿಂದ ದೂರವಿಲ್ಲದ ಊರು, ಕಾಲುವೆ ನೀರು, ವರ್ಷಕ್ಕೆ ಎರಡು ಬೆಳೆ. ಬಿಡುವಿನಲ್ಲಿ ಆಕೆ ಎಂಪಿಂಗ್ ತಟ್ಟುತ್ತಾಳೆ: ಮೆಲಿಂಜೊ ಬೀಜವನ್ನು ಬಿಸಿ ಮರಳಿನಲ್ಲಿ ಹುರಿದು, ಸಿಪ್ಪೆ ಬಿಡಿಸಿ, ಬಿಸಿಯಾಗಿರುವಾಗಲೇ ಕಲ್ಲಿನ ಮೇಲೆ ತೆಳ್ಳಗೆ ಬಡಿದು ಒಣಗಿಸುವ ಹಪ್ಪಳ. ಬೀಜವನ್ನು ವ್ಯಾಪಾರಿ ತಂದು ಕೊಡುತ್ತಾನೆ, ತಟ್ಟಿದ್ದಕ್ಕೆ ಕೂಲಿ ಎಣಿಸುತ್ತಾನೆ. ಇದು ಪಿದಿಯ ಮನೆಮನೆಯ ಕಸುಬು. ದಿನಸಿಗೆ, ಶಾಲೆಯ ಖರ್ಚಿಗೆ ಸಾಕಾಗುತ್ತದೆ. ಚಿನ್ನ ಕೊಳ್ಳಲು ಸಾಲದು.

ಗದ್ದೆ ಅಡವು ಬಿದ್ದದ್ದು ಹಿರಿಯ ಮಗನ ಮದುವೆಗಾಗಿ. ಅಚೆಯಲ್ಲಿ ಗಂಡಿನ ಕಡೆಯವರು ವಧುವಿಗೆ ಜೆಲಾಮಿ ಎಂಬ ವಧುದಕ್ಷಿಣೆಯನ್ನು ಚಿನ್ನದಲ್ಲಿ ಕೊಡಬೇಕು. ಅದನ್ನು ಅಳೆಯುವುದು ಮಾಯಮ್ ಲೆಕ್ಕದಲ್ಲಿ. ಒಂದು ಮಾಯಮ್ ಎಂದರೆ ಸುಮಾರು 3.33 ಗ್ರಾಂ. ಪಿದಿಯಲ್ಲಿ ಈ ಮೊತ್ತ ಎತ್ತರದ್ದು, ಹದಿನೈದು ಇಪ್ಪತ್ತು ಮಾಯಮ್ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಹದಿನೈದು ಮಾಯಮ್ ಎಂದರೆ ಐವತ್ತು ಗ್ರಾಂ. ಆ ಚಿನ್ನ ವಧುವಿನ ಸ್ವಂತದ್ದಾಗಿ ಅವಳ ಆಪತ್ಕಾಲದ ಗಂಟಾಗುತ್ತದೆ, ಹಾಗಾಗಿ ಈ ಪದ್ಧತಿಯನ್ನು ಒಂದೇ ಮಾತಿನಲ್ಲಿ ಕೆಟ್ಟದ್ದೆನ್ನಲು ನನಗೆ ಮನಸ್ಸಿಲ್ಲ. ಆದರೆ ಒಂದು ಮನೆಯ ಹೆಣ್ಣಿಗೆ ಭದ್ರತೆ ಕೊಡುವ ಚಿನ್ನ ಇನ್ನೊಂದು ಮನೆಯ ಹೆಣ್ಣಿನ ಗದ್ದೆಯಿಂದ ಹೊರಟಿದೆ ಎಂಬುದನ್ನು ಮರೆಯಲಾಗದು. ಮಗ ಮದುವೆಯಾಗಿ ಹೆಂಡತಿಯ ಊರಿಗೆ ಹೋದ. ತಾಯಿಯ ಕೈಯಲ್ಲಿ ಉಳಿದದ್ದು ಗದ್ದೆಯ ಮೇಲಿನ ದುಡಿಮೆ ಮಾತ್ರ.

ಈ ಅಡವಿನ ಹೆಸರು ಗಾಲಾ. ಕನ್ನಡ ನಾಡಿನ ಹಳ್ಳಿಗಳಲ್ಲಿ ಭೋಗ್ಯಕ್ಕೆ ಹಾಕುವುದು ಎಂದರೆ ಏನೋ, ಅದೇ ಇದು. ಸಾಲಕ್ಕೆ ಬಡ್ಡಿಯಿಲ್ಲ, ಸಾಲ ತೀರುವವರೆಗೆ ಗದ್ದೆಯ ಫಲ ಕೊಟ್ಟವನದು. ಕೊಯ್ಲು ಮುಗಿದ ಮೇಲೆ ಚಿನ್ನ ಹಿಂತಿರುಗಿಸಿದರೆ ಗದ್ದೆ ವಾಪಸ್ಸು. ಅವಧಿ ಗೊತ್ತು ಮಾಡುವುದಿಲ್ಲ. ಬಿಡಿಸಿಕೊಳ್ಳುವ ಹಕ್ಕು ಎಂದೂ ಸಾಯುವುದಿಲ್ಲ, ಮಕ್ಕಳಿಗೆ ಮೊಮ್ಮಕ್ಕಳಿಗೆ ಇಳಿಯುತ್ತದೆ. ನಮ್ಮ ಪ್ರಕರಣದಲ್ಲಿ ಚಿನ್ನ ಕೊಟ್ಟವರು ಮೆಡಾನ್‌ನಲ್ಲಿ ಅಂಗಡಿ ಇಟ್ಟವರು, ಅವರಿಗೆ ಬೇಸಾಯ ಮಾಡಲು ಪುರುಸೊತ್ತಿಲ್ಲ. ಅದಕ್ಕೆ ಗದ್ದೆಯನ್ನು ಅದೇ ಕುಟುಂಬಕ್ಕೆ ಪಾಲಿಗೆ ಬಿಟ್ಟರು. ಪಾಲು ಬೇಸಾಯಕ್ಕೆ ಅಲ್ಲಿ ಮಾವಾಹ್ ಎನ್ನುತ್ತಾರೆ. ಅರ್ಧರ್ಧ ಹಂಚುವುದೂ ಇದೆ, ಮೂರರಲ್ಲಿ ಒಂದು ಪಾಲು ಕೊಡುವುದೂ ಇದೆ. ಇಲ್ಲಿ ಒಪ್ಪಿದ್ದು ಮೂರರಲ್ಲಿ ಒಂದು, ಗೊಬ್ಬರ ಮತ್ತು ಉಳುಮೆಯ ಖರ್ಚು ಪೂರ್ತಿ ಬೇಸಾಯ ಮಾಡುವವರದು. ಸ್ವಂತ ಗದ್ದೆಗೆ ತಾವೇ ಗೇಣಿದಾರರಾಗಿ ಆ ಕುಟುಂಬ ಮರುವಾರವೇ ನಾಟಿಗೆ ಇಳಿಯಿತು. ಹೊರಗಿನಿಂದ ಬಂದವರಿಗೆ ಏನೂ ಬದಲಾದಂತೆ ಕಾಣುತ್ತಿರಲಿಲ್ಲ.

ಇನ್ನು ಲೆಕ್ಕ. ಇದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇಡೀ ಪ್ರಕರಣ ಇದರೊಳಗಿದೆ. ಸಾಲ ಚಿನ್ನದಲ್ಲಿದೆ, ಕುಟುಂಬದ ಆದಾಯ ಭತ್ತದಲ್ಲಿದೆ. ಹಾಗಾಗಿ ಸಾಲವನ್ನು ಇಂಡೋನೇಷ್ಯಾದ ಹಣವಾದ ರೂಪಿಯಾದಲ್ಲಿ ಅಳೆಯುವುದಕ್ಕಿಂತ ಭತ್ತದಲ್ಲಿ ಅಳೆಯುವುದು ಸರಿ. 2010ರಲ್ಲಿ ಚಿನ್ನ ಗ್ರಾಂಗೆ ಸರಾಸರಿ 3.6 ಲಕ್ಷ ರೂಪಿಯಾದ ಆಸುಪಾಸಿನಲ್ಲಿತ್ತು. ಐವತ್ತು ಗ್ರಾಂಗೆ ಸುಮಾರು 1.8 ಕೋಟಿ ರೂಪಿಯಾ. ಆ ವರ್ಷ ಹಸಿ ಭತ್ತಕ್ಕೆ ಸರ್ಕಾರ ಗೊತ್ತುಮಾಡಿದ್ದ ಖರೀದಿ ದರ ಕಿಲೋಗೆ 2640 ರೂಪಿಯಾ. ಸಂತೆಯ ದರ ಏರುತ್ತದೆ, ಇಳಿಯುತ್ತದೆ. ಹೋಲಿಕೆಗೆ ಸರ್ಕಾರಿ ದರವೇ ಗಟ್ಟಿ. ಅಂದರೆ ಸಾಲ ಆಗ ಸುಮಾರು 6.8 ಟನ್ ಭತ್ತ. ಕಾಲು ಹೆಕ್ಟೇರಿನಲ್ಲಿ ಒಂದು ಬೆಳೆಗೆ ಒಂದೂವರೆ ಟನ್ ಎಂದು ಹಿಡಿಯೋಣ, ನೀರಾವರಿ ಗದ್ದೆಗೆ ಅದು ಸಾಧಾರಣ ಇಳುವರಿ. ಅಡವಿಟ್ಟ ದಿನ ಸಾಲದ ಭಾರ ನಾಲ್ಕೂವರೆ ಬೆಳೆಯಷ್ಟು.

2025ರ ಅಕ್ಟೋಬರ್‌ಗೆ ಬನ್ನಿ. ಜಗತ್ತಿನ ಮಾರುಕಟ್ಟೆಯಲ್ಲಿ ಚಿನ್ನ ಔನ್ಸಿಗೆ 4000 ಡಾಲರ್ ದಾಟಿದ ತಿಂಗಳು ಅದು. ರೂಪಿಯಾ ಲೆಕ್ಕದಲ್ಲಿ ಗ್ರಾಂಗೆ 21 ಲಕ್ಷಕ್ಕೂ ಮೇಲೆ. ಅದೇ ಐವತ್ತು ಗ್ರಾಂಗೆ ಆಗ 10.6 ಕೋಟಿ ರೂಪಿಯಾ. ಭತ್ತದ ಸರ್ಕಾರಿ ದರವೂ ಏರಿ 6500 ತಲುಪಿತ್ತು. ಭಾಗಿಸಿದರೆ 16 ಟನ್ ಮೀರುತ್ತದೆ, ಎಂದರೆ ಹನ್ನೊಂದು ಬೆಳೆ. ಕುಟುಂಬ ಒಂದು ಚೂರೂ ಹೊಸ ಸಾಲ ಮಾಡದೆ ಇದ್ದಿದ್ದರೂ ಅದರ ಸಾಲ ಭತ್ತದ ಲೆಕ್ಕದಲ್ಲಿ ಎರಡು ಪಟ್ಟು ಮೀರಿ ಬೆಳೆದಿದೆ.

ಈ ನಡುವೆ ಅವರು ಕೊಟ್ಟದ್ದೆಷ್ಟು? ಪ್ರತಿ ಬೆಳೆಗೆ ಮೂರರಲ್ಲಿ ಒಂದು ಪಾಲು ಅರ್ಧ ಟನ್. ವರ್ಷಕ್ಕೆ ಒಂದು ಟನ್. ಏಳನೆಯ ವರ್ಷ ಮುಗಿಯುವಾಗ ಏಳು ಟನ್ ಆಯಿತು, ಅಡವಿಟ್ಟ ದಿನದ ಸಾಲ ಅಷ್ಟಕ್ಕೇ ಮುಗಿಯಿತು. ಹದಿನೈದನೆಯ ವರ್ಷಕ್ಕೆ ಹದಿನೈದು ಟನ್, ಪಡೆದದ್ದರ ಎರಡು ಪಟ್ಟಿಗೂ ಹೆಚ್ಚು. ಆದರೆ ಈ ಭತ್ತದ ಒಂದು ಕಾಳೂ ಸಾಲದ ಅಸಲಿಗೆ ಜಮೆಯಾಗುವುದಿಲ್ಲ. ಗಾಲಾದ ನಿಯಮವೇ ಹಾಗೆ. ಕೊಟ್ಟವರ ಚಿನ್ನ ಬೆಲೆಯೇರಿಕೆಯಿಂದ ಸುರಕ್ಷಿತ, ಅದರ ಮೇಲೆ ವರ್ಷವರ್ಷವೂ ಭತ್ತ ಬೇರೆ. ಹಣದ ಸಾಲವಾದರೆ ಕಾಲ ಕಳೆದಂತೆ ಅಸಲು ಸವೆಯುತ್ತದೆ, ಅದಕ್ಕೆಂದೇ ಬಡ್ಡಿ ಕೇಳುತ್ತಾರೆ. ಇಲ್ಲಿ ಅಸಲೂ ಸವೆಯುವುದಿಲ್ಲ, ಫಲವೂ ತಪ್ಪುವುದಿಲ್ಲ. ಬೆಲೆಯ ಅಪಾಯವೆಲ್ಲ ಒಂದೇ ಕಡೆಯವರ ಹೆಗಲ ಮೇಲೆ ಬಿದ್ದಿದೆ, ಅದೂ ಹೊರಲು ಶಕ್ತಿಯಿಲ್ಲದವರ ಹೆಗಲ ಮೇಲೆ. ನನ್ನ ಪ್ರಕಾರ ಈ ಪ್ರಕರಣದ ಮೂಲ ದೋಷ ಇದು.

ಹಾಗಾದರೆ ಸಾಲವನ್ನು ಚಿನ್ನದಲ್ಲೇ ಏಕೆ ಬರೆದರು? ದುರಾಸೆಯಿಂದ ಅಲ್ಲ. ರೂಪಿಯಾವನ್ನು ನಂಬಿ ಕೆಟ್ಟ ನೆನಪು ಆ ನಾಡಿಗಿದೆ. 1965ರ ಡಿಸೆಂಬರ್‌ನಲ್ಲಿ ಸರ್ಕಾರ ಹಳೆಯ ಸಾವಿರ ರೂಪಿಯಾವನ್ನು ಹೊಸ ಒಂದು ರೂಪಿಯಾ ಮಾಡಿತು. 1997ರ ಮಧ್ಯದಲ್ಲಿ ಡಾಲರಿಗೆ ಸುಮಾರು 2400 ಇದ್ದ ರೂಪಿಯಾ 1998ರಲ್ಲಿ 15000 ದಾಟಿ ಕುಸಿದಿತ್ತು. ಅದಕ್ಕೂ ಮೇಲೆ ಯುದ್ಧ. 1976ರಲ್ಲಿ ಶುರುವಾದ ಸ್ವತಂತ್ರ ಅಚೆ ಚಳವಳಿಯ ಹುಟ್ಟೂರೇ ಪಿದಿ. 1989ರಿಂದ 1998ರವರೆಗೆ ಸೇನಾ ಕಾರ್ಯಾಚರಣೆಯ ವಲಯವಾಗಿದ್ದಾಗ ಇದೇ ಬಯಲಿನ ರುಮೊಹ್ ಗೆಡೊಂಗ್ ಎಂಬ ಮನೆ ಚಿತ್ರಹಿಂಸೆಯ ಠಾಣೆಯಾಗಿತ್ತು. ಅಲ್ಲಿ ನಡೆದದ್ದು ಮಾನವ ಹಕ್ಕುಗಳ ಘೋರ ಉಲ್ಲಂಘನೆ ಎಂದು ರಾಷ್ಟ್ರಾಧ್ಯಕ್ಷರು ಒಪ್ಪಿಕೊಂಡದ್ದು 2023ರಲ್ಲಿ. 2003ರಲ್ಲಿ ಮತ್ತೆ ಸೇನಾಡಳಿತ ಬಂತು. 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಸರ್ಕಾರಕ್ಕೂ ಚಳವಳಿಗೂ ಶಾಂತಿ ಒಪ್ಪಂದವಾಗುವವರೆಗೆ ಊರಿನ ಗಂಡಸರು ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗಲೂ ಹೆದರುವ ಕಾಲ. ಅಂಥ ಕಾಲದಲ್ಲಿ ಮನೆ ಬಿಟ್ಟು ಓಡುವಾಗ ಸೊಂಟಕ್ಕೆ ಕಟ್ಟಿಕೊಳ್ಳಬಹುದಾದ ಆಸ್ತಿ ಚಿನ್ನ ಒಂದೇ. ಇದನ್ನೆಲ್ಲ ಕಂಡವರು ಹಣದ ಮಾತನ್ನು ನಂಬಿ ಗದ್ದೆ ಹಿಡಿಯುವುದಿಲ್ಲ. ಅವರ ಎಚ್ಚರ ಸಹಜ. ಆ ಎಚ್ಚರದ ಬೆಲೆಯನ್ನು ಬಡವರೊಬ್ಬರೇ ತೆರುತ್ತಿರುವುದು ಸಹಜವಲ್ಲ.

ಧರ್ಮದ ಮಾತೂ ಇಲ್ಲಿ ಬರುತ್ತದೆ, ಏಕೆಂದರೆ ಅಚೆಯಲ್ಲಿ ಇಸ್ಲಾಮೀ ನಿಯಮ ಸರ್ಕಾರದ ಕಾನೂನೂ ಹೌದು. 2018ರ 11ನೆಯ ಪ್ರಾಂತೀಯ ಕಾನೂನು ಹಣಕಾಸು ಸಂಸ್ಥೆಗಳೆಲ್ಲ ಷರೀಯತ್ ಪ್ರಕಾರವೇ ನಡೆಯಬೇಕೆಂದು ವಿಧಿಸಿತು. ಬಡ್ಡಿಯ ಬ್ಯಾಂಕುಗಳು ಪ್ರಾಂತ್ಯದಿಂದ ಹೊರಟವು. ಆದರೆ ಮೆನಾಸಾದ ಪಕ್ಕದ ಗದ್ದೆಯಲ್ಲಿ ಗಾಲಾ ಉಳಿಯಿತು. ಲಾಭ ತರುವ ಸಾಲ ಬಡ್ಡಿಗೆ ಸಮ ಎಂಬುದು ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಪ್ರಸಿದ್ಧ ನಿಯಮ. ಅಚೆಯವರು ಅನುಸರಿಸುವ ಶಾಫಿಈ ಪಂಥದಲ್ಲಿ ಅಡವಿಟ್ಟ ವಸ್ತುವಿನ ಫಲ ಒಡೆಯನದೇ. ಗಾಲಾವನ್ನು ಸಮರ್ಥಿಸುವವರು, ಒಡೆಯ ಮನಃಪೂರ್ವಕ ಅನುಮತಿ ಕೊಟ್ಟಿದ್ದಾನಲ್ಲ ಎನ್ನುತ್ತಾರೆ. ಇನ್ನು ಕೆಲವರು ಇದು ಅಡವೇ ಅಲ್ಲ, ಮರಳಿ ಕೊಳ್ಳುವ ಮಾತಿನೊಂದಿಗೆ ಮಾಡಿದ ಮಾರಾಟ, ಯೆಮೆನ್‌ನ ಹದ್ರಮೌತಿನ ಶಾಫಿಈ ವಿದ್ವಾಂಸರು ಒಪ್ಪಿದ ವ್ಯವಹಾರ ಎನ್ನುತ್ತಾರೆ. ಮದುವೆಯ ದಿನ ಗೊತ್ತಾಗಿ ಕೈಯಲ್ಲಿ ಚಿನ್ನವಿಲ್ಲದವನು ಕೊಡುವ ಅನುಮತಿ ಎಷ್ಟು ಮನಃಪೂರ್ವಕ ಎಂಬ ಪ್ರಶ್ನೆಗೆ ಮಾತ್ರ ಈ ವಾದಗಳಲ್ಲಿ ನನಗೆ ಉತ್ತರ ಕಂಡಿಲ್ಲ.

ರಾಷ್ಟ್ರದ ಕಾನೂನು ಇನ್ನೂ ನೇರವಾಗಿದೆ. ಇಂಡೋನೇಷ್ಯಾದ 1960ರ 56ನೆಯ ಕಾನೂನಿನ 7ನೆಯ ಕಲಮು ಹೇಳುವುದಿಷ್ಟು: ಕೃಷಿ ಭೂಮಿಯನ್ನು ಏಳು ವರ್ಷ ಅಥವಾ ಹೆಚ್ಚು ಕಾಲ ಅಡವು ಹಿಡಿದವನು ಬೆಳೆ ಕೊಯ್ದ ಒಂದು ತಿಂಗಳೊಳಗೆ ಅದನ್ನು ಒಡೆಯನಿಗೆ ಹಿಂತಿರುಗಿಸಬೇಕು, ಬಿಡುಗಡೆಯ ಹಣ ಕೇಳುವಂತಿಲ್ಲ. ಏಳು ವರ್ಷ ತುಂಬದಿದ್ದರೆ ಏಳೂವರೆಯಿಂದ ಅಡವು ನಡೆದ ವರ್ಷಗಳನ್ನು ಕಳೆದು, ಏಳರಿಂದ ಭಾಗಿಸಿ, ಸಾಲದ ಮೊತ್ತದಿಂದ ಗುಣಿಸಿದಷ್ಟು ಕೊಟ್ಟರೆ ಸಾಕು. ಭೂಮಿಯ ಫಲವೇ ಸಾಲವನ್ನು ತೀರಿಸಿರುತ್ತದೆ ಎಂಬುದು ಈ ಕಲಮಿನ ಹಿಂದಿನ ತರ್ಕ. ನಮ್ಮ ಲೆಕ್ಕದಲ್ಲೂ ಏಳನೆಯ ವರ್ಷಕ್ಕೇ ಸಾಲ ಮುಗಿದಿತ್ತಲ್ಲ. ಅರವತ್ತು ವರ್ಷಗಳ ಹಿಂದೆ ಆ ಕಲಮು ಬರೆದವರು ಹಳ್ಳಿಯನ್ನು ಬಲ್ಲವರಾಗಿದ್ದರು.

ನಮ್ಮ ಕುಟುಂಬ ಈ ಕಾನೂನನ್ನು ಕೇಳಿಲ್ಲವೆಂದಲ್ಲ. 2017ರಲ್ಲಿ ಏಳು ವರ್ಷ ತುಂಬಿದಾಗ ಕಿರಿಯ ಮಗಳು ಅದರ ಮಾತೆತ್ತಿದಳು. ತಾಯಿ ಒಪ್ಪಲಿಲ್ಲ. ಕಷ್ಟದಲ್ಲಿ ಕೈಹಿಡಿದವರಿಗೆ ಕಾನೂನು ತೋರಿಸುವುದು ಮರ್ಯಾದೆಯ ಮಾತಲ್ಲ ಎಂಬುದು ಒಂದು. ಖಂದೂರಿಯಲ್ಲಿ, ಸಾವಿನ ಮನೆಯಲ್ಲಿ, ಮದುವೆಯಲ್ಲಿ ಅವರ ಪಕ್ಕದಲ್ಲೇ ಕೂರಬೇಕು ಎಂಬುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಗಟ್ಟಿ: ಒಮ್ಮೆ ಹಾಗೆ ಮಾಡಿದ ಮನೆಗೆ ಊರಿನಲ್ಲಿ ಮತ್ತೆ ಯಾರೂ ಒಂದು ಮಾಯಮ್ ಕೂಡ ಕೊಡುವುದಿಲ್ಲ. ಬ್ಯಾಂಕಿನಿಂದ ದೂರ ಉಳಿದ, ಭೂಮಿಗೆ ಸರ್ಕಾರಿ ಹಕ್ಕುಪತ್ರವಿಲ್ಲದ ಮನೆಗೆ ಆಪತ್ತಿನಲ್ಲಿ ಸಿಗುವ ಸಾಲ ಗಾಲಾ ಒಂದೇ. ತಾಯಿಯ ಹಿಂಜರಿಕೆಯನ್ನು ಅಜ್ಞಾನ ಎನ್ನಲಾಗದು, ಆಕೆ ನಾಳೆಯ ಸಾಲದ ಬಾಗಿಲನ್ನು ಕಾಯುತ್ತಿದ್ದಳು.

ಮರುವರ್ಷವೇ ಆ ಬಾಗಿಲು ಬೇಕಾಯಿತು. ಅದೇ ಮಗಳ ಕಾಲೇಜಿಗೆಂದು 2018ರಲ್ಲಿ ಅದೇ ಗದ್ದೆಯ ಮೇಲೆ ಇನ್ನೂ ಮೂರು ಮಾಯಮ್ ಪಡೆದರು. ಗದ್ದೆಯ ಬೆಲೆ ಅಡವಿನ ಮೊತ್ತಕ್ಕಿಂತ ಮೇಲಿರುವವರೆಗೆ ಹೀಗೆ ಸೇರಿಸಿಕೊಳ್ಳುವುದು ಅಲ್ಲಿ ವಾಡಿಕೆ. ಆಗಿನ ದರದಲ್ಲಿ ಅದು 60 ಲಕ್ಷ ರೂಪಿಯಾಕ್ಕೂ ಕಡಿಮೆ. ಒಟ್ಟು ಹದಿನೆಂಟು ಮಾಯಮ್, ಅರವತ್ತು ಗ್ರಾಂ; 2025ರ ಅಕ್ಟೋಬರ್ ದರದಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಟನ್ ಭತ್ತ. ಸಾಲ ಸೇರಿಸಿದಾಗ ಏಳು ವರ್ಷದ ಎಣಿಕೆ ಮೊದಲಿನಿಂದ ಶುರುವಾಗುತ್ತದೆಯೇ, ಹಳೆಯದು ಮುಂದುವರಿಯುತ್ತದೆಯೇ ಎಂದು ಕೇಳುವವರೂ ಇರಲಿಲ್ಲ, ಬರೆದವರೂ ಇರಲಿಲ್ಲ.

ಬಿಡಿಸಿಕೊಳ್ಳುವ ಪ್ರಯತ್ನ ನಡೆಯದೆ ಇರಲಿಲ್ಲ. ಒಳ್ಳೆಯ ಬೆಳೆ ಬಂದಾಗ ಆಕೆ ಅರ್ಧ ಮಾಯಮ್, ಒಂದು ಮಾಯಮ್ ಉಂಗುರ ಕೊಂಡಿಟ್ಟಳು. ಗಂಡನ ಆಸ್ಪತ್ರೆಯ ಓಡಾಟಕ್ಕೆ ಅವು ಕರಗಿದವು. ಕೊಯ್ಲಿನ ಕೂಲಿಯೂ ಮೊದಲಿನಂತಿಲ್ಲ, ಬಯಲಿಗೆ ಕಟಾವು ಯಂತ್ರ ಬಂದ ಮೇಲೆ ಹೆಂಗಸರ ಆ ದುಡಿಮೆ ಕಡಿಮೆಯಾಯಿತು. ಚಿನ್ನದ ಬೆಲೆ ಏರುವ ವೇಗಕ್ಕೆ ಎಂಪಿಂಗ್ ಕೂಲಿ ಎಲ್ಲಿ ಸಾಟಿ?

2025ರ ನವೆಂಬರ್ ಕೊನೆಯಲ್ಲಿ ಮಲಕ್ಕಾ ಜಲಸಂಧಿಯಲ್ಲಿ ಹುಟ್ಟಿದ ಸೆನ್ಯಾರ್ ಚಂಡಮಾರುತದ ಮಳೆ ಸುಮಾತ್ರಾದ ಉತ್ತರ ಭಾಗದ ಹಲವೆಡೆ ನೆರೆ ತಂದಿತು. ಪಕ್ಕದ ಪಿದಿ ಜಾಯಾ ಜಿಲ್ಲೆಯಲ್ಲಿ ಮನೆಗಳೂ ಗದ್ದೆಗಳೂ ಕೆಸರಿನಡಿ ಹೂತವು. ಅಡವಿನಲ್ಲಿರುವ ಗದ್ದೆ ಹೀಗೆ ಹೂತುಹೋದರೆ ಯಾರ ನಷ್ಟ? ಶಾಫಿಈ ನಿಯಮದಲ್ಲಿ ಅಡವಿನ ವಸ್ತು ಹಿಡಿದವನ ಕೈಯಲ್ಲಿ ನಂಬಿಕೆಯ ಒತ್ತೆ. ಅವನ ತಪ್ಪಿಲ್ಲದೆ ಅದು ಹಾಳಾದರೆ ಸಾಲ ಕಡಿಮೆಯಾಗುವುದಿಲ್ಲ. ಗದ್ದೆ ಇಲ್ಲದಿದ್ದರೂ ಚಿನ್ನ ಉಳಿಯುತ್ತದೆ. ನಮ್ಮ ಊರಿನ ಗದ್ದೆ ಈ ಸಲ ಉಳಿಯಿತೆಂದು ಇಟ್ಟುಕೊಂಡರೂ ಆ ಸುದ್ದಿ ಈ ಮನೆಯವರನ್ನು ಮೆನಾಸಾದ ಮೆಟ್ಟಿಲು ಹತ್ತಿಸುವಷ್ಟು ಹೆದರಿಸಬೇಕು.

ಮೆನಾಸಾಕ್ಕೆ ಆ ಅಧಿಕಾರವಿದೆ. 2008ರ 9ನೆಯ ಪ್ರಾಂತೀಯ ಕಾನೂನು ಹದಿನೆಂಟು ಬಗೆಯ ವ್ಯಾಜ್ಯಗಳನ್ನು ಗಾಂಪೋಂಗ್ ಮಟ್ಟದಲ್ಲೇ ತೀರಿಸಬಹುದೆಂದು ಹೇಳುತ್ತದೆ, ಆಸ್ತಿಯ ತಕರಾರೂ ಅದರಲ್ಲಿ ಸೇರಿದೆ. ನ್ಯಾಯಾಲಯಕ್ಕೆ ಹೋದರೆ ಒಬ್ಬರು ಗೆದ್ದು ಇನ್ನೊಬ್ಬರು ಸೋಲುತ್ತಾರೆ. ಮೆನಾಸಾದಲ್ಲಿ ಮೂರು ದಾರಿಗಳಿವೆ, ನನಗೆ ಮೂರೂ ಆಗಬಹುದಾದವೇ ಎನಿಸುತ್ತದೆ. ಸಾಲವನ್ನು ಚಿನ್ನದಿಂದ ಭತ್ತಕ್ಕೆ ತಿರುಗಿಸಿ, ಅಡವಿಟ್ಟ ದಿನದ ಬೆಲೆಯಲ್ಲಿ ನಿಲ್ಲಿಸುವುದು ಮೊದಲನೆಯದು. ಕೊಟ್ಟವರಿಗೆ ಇದು ಕಹಿ, ಆದರೆ ಅವರು ಈಗಾಗಲೇ ಪಡೆದ ಹದಿನೈದು ಟನ್ನನ್ನು ಪಕ್ಕದಲ್ಲಿಟ್ಟು ಮಾತಾಡಬಹುದು. ಇಂದಿನಿಂದ ಕೊಡುವ ಪಾಲಿನ ಅರ್ಧವನ್ನಾದರೂ ಅಸಲಿಗೆ ಜಮೆ ಮಾಡುವುದು ಎರಡನೆಯದು. ಸಂಬಂಧ ಕೆಡದೆ ಸಾಗುವ ದಾರಿ ಇದೇ, ಮಧ್ಯಸ್ಥರು ಇಲ್ಲಿಂದ ಮಾತು ಶುರು ಮಾಡುವುದು ಒಳ್ಳೆಯದು. ಮೂರನೆಯದು ಊರೇ ಕೈಹಾಕುವುದು. ಜಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು ವರ್ಗ. ಪ್ರತಿ ಕೊಯ್ಲಿಗೂ ಮೆನಾಸಾಕ್ಕೆ ಬರುವ ಭತ್ತದಲ್ಲಿ ಆ ಪಾಲನ್ನು ಗದ್ದೆ ಬಿಡಿಸಲು ಮೀಸಲಿಡಬಹುದು. 2015ರಿಂದ ಪ್ರತಿ ಗಾಂಪೋಂಗ್‌ಗೂ ಕೇಂದ್ರದಿಂದ ಗ್ರಾಮ ನಿಧಿ ಬರುತ್ತಿದೆ, ಊರಿನದೇ ಉದ್ಯಮ ಸಂಸ್ಥೆ ಕಟ್ಟುವ ಅವಕಾಶವೂ ಇದೆ. ಆ ಸಂಸ್ಥೆ ಚಿನ್ನ ಕೊಟ್ಟು ಗದ್ದೆ ಬಿಡಿಸಿ, ಕುಟುಂಬದಿಂದ ಭತ್ತದಲ್ಲಿ ಕಂತು ಪಡೆದರೆ ಬೆಲೆಯ ಅಪಾಯ ಊರಿಗೆಲ್ಲ ಹಂಚಿಹೋಗುತ್ತದೆ.

ಯಾವ ದಾರಿ ಹಿಡಿದರೂ ಈ ವರ್ಷವೇ ಮಾಡಬೇಕಾದ ಒಂದು ಕೆಲಸವಿದೆ. 2010ರ ವ್ಯವಹಾರಕ್ಕೆ ಇಬ್ಬರು ಸಾಕ್ಷಿಗಳ ನೆನಪು ಮತ್ತು ಒಂದು ರಸೀದಿ ಕಾಗದ ಬಿಟ್ಟರೆ ಬೇರೆ ದಾಖಲೆಯಿಲ್ಲ. 2018ರದಕ್ಕೆ ಅದೂ ಇಲ್ಲ. ಹಕ್ಕು ಎರಡೂ ಕಡೆ ಮಕ್ಕಳಿಗೆ ಇಳಿಯುವಂಥದ್ದು, ಮೆಡಾನ್‌ನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಆ ಗದ್ದೆ ಅಡವಿನದೋ ಕೊಂಡದ್ದೋ ಗೊತ್ತಿರುವುದಿಲ್ಲ. ಅಜ್ಜಂದಿರ ಕಾಲದ ಗಾಲಾ ಮೊಮ್ಮಕ್ಕಳ ಕಾಲದಲ್ಲಿ ಮಾರಾಟವಾಗಿ ತೋರುವುದು ಹೀಗೆಯೇ. ಆದ್ದರಿಂದ ಕೆಚಿಕ್‌ನ ಮುಂದೆ ಇಬ್ಬರೂ ಕೂತು ಗದ್ದೆಯ ನಾಲ್ಕು ಎಲ್ಲೆ, ಎರಡೂ ಸಾಲಗಳ ತಾರೀಖು, ಪ್ರತಿಯೊಂದರ ಮಾಯಮ್, ಆ ದಿನದ ಚಿನ್ನದ ಮತ್ತು ಭತ್ತದ ದರ, ಇದುವರೆಗೆ ಹೋದ ಪಾಲು, ಒಡತಿಯಾಗಿ ಆಕೆಯ ಹೆಸರು ಇಷ್ಟನ್ನೂ ಬರೆಸಿ, ಎರಡು ಪ್ರತಿ ಮಾಡಿ, ಒಂದನ್ನು ಮೆನಾಸಾದಲ್ಲಿ ಇಡಬೇಕು. ಇಬ್ಬರೂ ಬದುಕಿರುವಾಗ, ಒಬ್ಬರ ಮಾತನ್ನು ಇನ್ನೊಬ್ಬರು ನಂಬುತ್ತಿರುವಾಗ ಇದಕ್ಕೆ ಬೇಕಾಗುವುದು ಒಂದು ಸಂಜೆ.